ಲಿವರ್ ಕಸಿಯಲ್ಲಿ ಆಂಟಿಆಕ್ಸಿಡೆಂಟ್ ಬಳಸುವುದು ಹೇಗೆ?

ನಮ್ಮ ಹಾಸನದ ಕಡೆ ಆಲೂಗಡ್ಡೆ ಹೆಚ್ಚಿದ ಕೂಡಲೇ ನೀರಿಗೆ ಹಾಕುತ್ತೇವೆ, ಗಾಳಿ ತಾಗಿದರೆ ಕಪ್ಪಾಗುತ್ತದೆ ಅಂತ. ಲಿವರ್ ಕಸಿಯಲ್ಲೂ ಕಾಟ ಕೊಡುವುದು ಆಕ್ಸಿಜನ್ನೇ. ಅದು ಇಲ್ಲದಾಗ ಒಂದು ಪೆಟ್ಟು, ವಾಪಸ್ ಬಂದಾಗ ಇನ್ನೊಂದು. ರಕ್ತ ನಿಂತ ಲಿವರ್‌ನಲ್ಲಿ ಹೈಪೋಕ್ಸಾಂಥಿನ್, ಸಕ್ಸಿನೇಟ್ ಥರದ ವಸ್ತುಗಳು ಜಮೆಯಾಗಿರುತ್ತವೆ. ಹೊಸ ದೇಹದಲ್ಲಿ ರಕ್ತ ಹರಿದ ಕೆಲವೇ ನಿಮಿಷಗಳಲ್ಲಿ ಇವುಗಳಿಂದಾಗಿ ಫ್ರೀ ರಾಡಿಕಲ್‌ಗಳು, ಅಂದರೆ ಪಕ್ಕದ್ದನ್ನೆಲ್ಲ ಹಾಳುಮಾಡುವ ಚುರುಕು ಕಣಗಳು, ಹುಟ್ಟಿ ಕೋಶದ ಪೊರೆಯನ್ನೇ ಕೆಡಿಸುತ್ತವೆ. ವಿಚಿತ್ರ, ಅಲ್ವಾ?

ಇವನ್ನು ತಡೆಯುವ ವಸ್ತುಗಳೇ ಆಂಟಿಆಕ್ಸಿಡೆಂಟ್. ಆ ತಡೆಯುವ ಕೆಲಸ ದಾನಿಯ ದೇಹದಲ್ಲೇ ಶುರುವಾಗಬಹುದು. ಲಿವರ್ ತೆಗೆಯುವ ಮುಂಚೆ ಕೆಲವರು ಎನ್-ಅಸಿಟೈಲ್ ಸಿಸ್ಟೀನ್ ಡ್ರಿಪ್ ಹಾಕುತ್ತಾರೆ. ಪ್ಯಾರಸಿಟಮಾಲ್ ಜಾಸ್ತಿ ನುಂಗಿದವರಿಗೆ ಕೊಡುವ ಔಷಧಿಯೇ ಇದು. ಇದನ್ನು ಬಳಸಿ ಲಿವರ್ ತನ್ನದೇ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ಮಾಡಿಕೊಳ್ಳುತ್ತದೆ. ಆದರೆ ಪ್ರಯೋಗಗಳ ಫಲಿತಾಂಶ ಒಂದೇ ಥರ ಬಂದಿಲ್ಲ, ಹಾಗಾಗಿ ಎಲ್ಲ ಕಡೆ ಕೊಡುವುದಿಲ್ಲ.

ಆಮೇಲೆ ಲಿವರ್‌ನಿಂದ ರಕ್ತ ತೊಳೆದು ತಣ್ಣನೆಯ ದ್ರಾವಣ ಹರಿಸುತ್ತಾರೆ, ಸುಮಾರು 4 ಡಿಗ್ರಿಯಲ್ಲಿ ಐಸ್ ಬಾಕ್ಸ್‌ಗೆ ಹಾಕುತ್ತಾರೆ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸದರ್ಡ್ ರೂಪಿಸಿದ ದ್ರಾವಣ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ಗ್ಲುಟಾಥಯೋನ್ ಇದೆ, ಗೌಟ್ ಎಂಬ ಕೀಲುನೋವಿಗೆ ನುಂಗುವ ಅಲೋಪ್ಯೂರಿನಾಲ್ ಕೂಡ ಇದೆ, ಹೈಪೋಕ್ಸಾಂಥಿನ್‌ನಿಂದ ಫ್ರೀ ರಾಡಿಕಲ್ ಹುಟ್ಟದಂತೆ ತಡೆಯಲು. ಇಷ್ಟಿದ್ದರೂ ಟೈಮ್ ಮೀರುವಂತಿಲ್ಲ. 12 ಗಂಟೆಯೊಳಗೆ ಜೋಡಿಸಬೇಕು, ಬೇಗ ಆದಷ್ಟೂ ಒಳ್ಳೆಯದು. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರ್, ಆಂಬುಲೆನ್ಸ್‌ಗೆ ದಾರಿ ಬಿಡಿ ಅಂತ ಪೊಲೀಸರು ಗಾಡಿ ನಿಲ್ಲಿಸುವುದು ಸುಮ್ನೆ ಅಲ್ಲ.

ಜೋಡಿಸಿದ ಮೇಲೆ, ರಕ್ತನಾಳ ಹಿಡಿದಿಟ್ಟ ಕ್ಲಾಂಪ್ ಬಿಚ್ಚುವ ಮುಂಚೆ ಲಿವರನ್ನು ಇನ್ನೊಮ್ಮೆ ತೊಳೆಯಬೇಕು. ವಿಸ್ಕಾನ್ಸಿನ್‌ನ ಆ ದ್ರಾವಣದಲ್ಲಿ ಪೊಟ್ಯಾಸಿಯಂ ಜಾಸ್ತಿ, ಒಮ್ಮೆಲೇ ಹೃದಯಕ್ಕೆ ಹೋದರೆ ಬಡಿತವೇ ನಿಲ್ಲಬಹುದು.

ಈಚೆಗೆ ಐಸ್ ಬಾಕ್ಸ್ ಜೊತೆ ಯಂತ್ರವೂ ಬಂದಿದೆ. ಕಸಿಗೆ ಮುಂಚೆ ಸುಮಾರು 10 ಡಿಗ್ರಿಯಲ್ಲಿ ಆಕ್ಸಿಜನ್ ಬೆರೆತ ದ್ರಾವಣವನ್ನು ಲಿವರ್‌ನಲ್ಲಿ ಹರಿಸುತ್ತದೆ, ಜಮೆಯಾದ ಸಕ್ಸಿನೇಟ್ ತಣ್ಣಗಿರುವಾಗಲೇ ಕರಗುತ್ತಾ ಬರುತ್ತದೆ. ಹೃದಯ ನಿಂತ ದಾನಿಗಳ ಲಿವರ್ ಮೇಲೆ ಯುರೋಪಿನಲ್ಲಿ ನಡೆದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಕಸಿಯ ನಂತರ ಪಿತ್ತನಾಳ ಕಿರಿದಾಗುವ ತೊಂದರೆ ಶೇ 18ರಿಂದ ಶೇ 6ಕ್ಕೆ ಇಳಿದಿತ್ತು. ನನಗಂತೂ ಔಷಧಿಗಿಂತ ಈ ಯಂತ್ರದ ಮೇಲೇ ಭರವಸೆ ಜಾಸ್ತಿ.

ಕಸಿಯಾಗಿ ಮನೆಗೆ ಬಂದವರಿಗೆ ಗ್ರೀನ್ ಟೀ ಮಾತ್ರೆ, ಅರಿಶಿನದ ಕ್ಯಾಪ್ಸೂಲ್ ಅಂತ ನೆಂಟರು ತಂದುಕೊಡುತ್ತಾರೆ. ಬೇಡ. ಇವುಗಳಿಂದಲೇ ಲಿವರ್ ಕೆಟ್ಟ ಉದಾಹರಣೆಗಳಿವೆ. ಚಕ್ಕೋತವೂ ಬೇಡ, ದೇಹ ಹೊಸ ಲಿವರನ್ನು ತಿರಸ್ಕರಿಸದಿರಲಿ ಅಂತ ನುಂಗುವ ಟ್ಯಾಕ್ರೋಲಿಮಸ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಿಬಿಡುತ್ತದೆ.