ಹೊಸ ಸ್ಟೀರಿಯೊಗೆ ಸ್ಟೀರಿಂಗ್ ಬಟನ್‌ಗಳನ್ನು ಜೋಡಿಸುವ ಕ್ರಮ

ಕಾರಿನ ಜೊತೆ ಬಂದ ಸ್ಟೀರಿಯೊ ತೆಗೆಸಿ ಹೊರಗೆ ಕೊಂಡ ಆಂಡ್ರಾಯ್ಡ್ ಸ್ಟೀರಿಯೊ ಕೂರಿಸಿದವರಲ್ಲಿ ಅನೇಕರು ಸ್ಟೀರಿಂಗ್ ಮೇಲಿನ ವಾಲ್ಯೂಮ್ ಮತ್ತು ಫೋನ್ ಬಟನ್‌ಗಳನ್ನು ಕಳೆದುಕೊಂಡೇ ಗಾಡಿ ಓಡಿಸುತ್ತಿರುತ್ತಾರೆ. ‘ಈ ಗಾಡಿಗೆ ಅದು ಬರೋದಿಲ್ರಿ’ ಎಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಿಕೊಂಡು ಬರಬೇಕಾಗಿಲ್ಲ. ಎಷ್ಟೋ ಸಲ ಒಂದೆರಡು ವೈರ್‌ಗಳನ್ನು ಜೋಡಿಸದೆ ಬಿಟ್ಟಿರುವುದೇ ಇದಕ್ಕೆ ಕಾರಣವಾಗಿರುತ್ತದೆ. ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಲಾರಿಗಳ ನಡುವೆ ಸಾಗುವಾಗ ಕಣ್ಣು ರಸ್ತೆಯಿಂದ ಸ್ಕ್ರೀನಿನ ಕಡೆ ಹೊರಳದಿರುವುದು ಎಷ್ಟು ಮುಖ್ಯವೆಂಬುದು ಆ ದಾರಿ ಬಲ್ಲವರಿಗೆ ಗೊತ್ತಿದೆ. ಆದ್ದರಿಂದ ಈ ಕೆಲಸವನ್ನು ಅಲಂಕಾರವೆಂದು ಬದಿಗಿಡದೆ ಶ್ರದ್ಧೆಯಿಂದ ಮಾಡಿಕೊಳ್ಳಬೇಕು.

ಮೊದಲು ತಿಳಿಯಬೇಕಾದದ್ದು ನಿಮ್ಮ ಗಾಡಿಯ ಬಟನ್‌ಗಳು ಯಾವ ಬಗೆಯವು ಎಂಬುದು. ಒಂದು ಬಗೆಯಲ್ಲಿ ಪ್ರತಿ ಬಟನ್‌ಗೂ ಬೇರೆ ಬೇರೆ ಬೆಲೆಯ, ಅಂದರೆ ಬೇರೆ ಬೇರೆ ಓಮ್ ಅಳತೆಯ, ರೆಸಿಸ್ಟರ್ (ವಿದ್ಯುತ್ತನ್ನು ತಡೆಯುವ ಚಿಕ್ಕ ಭಾಗ) ಇರುತ್ತದೆ. ಎಲ್ಲವೂ ಒಂದೇ ವೈರ್ ಮೇಲೆ ಬರುತ್ತವೆ, ಎಷ್ಟು ಓಮ್ ಎಂಬುದನ್ನು ನೋಡಿ ಸ್ಟೀರಿಯೊ ಯಾವ ಬಟನ್ ಒತ್ತಲಾಗಿದೆ ಎಂದು ಗುರುತಿಸುತ್ತದೆ. ಇನ್ನೊಂದು ಬಗೆ ಕ್ಯಾನ್ ಬಸ್. ಫೋಕ್ಸ್‌ವ್ಯಾಗನ್ ಪೋಲೊದಂತಹ ಕಾರುಗಳಲ್ಲಿ ಬಟನ್‌ನ ಸುದ್ದಿ ಡಿಜಿಟಲ್ ಸಂದೇಶವಾಗಿ, ಒಂದಕ್ಕೊಂದು ಹೆಣೆದ ಎರಡು ವೈರ್‌ಗಳಲ್ಲಿ ಹರಿಯುತ್ತದೆ. ಅದನ್ನು ಸ್ಟೀರಿಯೊದಲ್ಲಿ ಬಟನ್‌ಗಳಿಗೆಂದೇ ಇರುವ ಕೀ ವೈರ್‌ಗೆ ನೇರವಾಗಿ ಕಟ್ಟಿದರೆ ಪ್ರಯೋಜನವಿಲ್ಲ. ನಡುವೆ ಆ ಸಂದೇಶವನ್ನು ಸ್ಟೀರಿಯೊಗೆ ತಿಳಿಯುವಂತೆ ಬದಲಾಯಿಸುವ ಕ್ಯಾನ್ ಡಿಕೋಡರ್ ಎಂಬ ಚಿಕ್ಕ ಪೆಟ್ಟಿಗೆ ಬೇಕು. ಗಾಡಿಯ ಮಾದರಿಗೆ ಸರಿಹೊಂದುವ ಡಿಕೋಡರ್ ಕೊಂಡು, ಅದರ ಸಾಕೆಟ್‌ಗಳನ್ನು ಕೂರಿಸಿ, ಸ್ಟೀರಿಯೊದ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಕಾರಿನ ಹೆಸರು ಆರಿಸಿದರೆ ಆ ಬಗೆಯ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಮುಂದಿನ ವಿವರಣೆ ರೆಸಿಸ್ಟರ್ ಬಗೆಗೆ ಸಂಬಂಧಿಸಿದ್ದು.

ಕೆಲಸಕ್ಕೆ ಕೈಹಚ್ಚುವ ಮುನ್ನ ಕೀ ತೆಗೆದು, 10 ನಂಬರ್ ಪಾನಾದಿಂದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಕೆಲವು ನಿಮಿಷ ಕಾಯಬೇಕು. ಸ್ಟೀರಿಂಗ್ ಚಕ್ರವನ್ನು ಬಿಚ್ಚುವ ಅಗತ್ಯ ಇಲ್ಲವೇ ಇಲ್ಲ, ಅದರೊಳಗೆ ಏರ್‌ಬ್ಯಾಗ್ ಇದೆ. ಹಳದಿ ಬಣ್ಣದ ಏರ್‌ಬ್ಯಾಗ್ ಕನೆಕ್ಟರ್ ಎಲ್ಲಿ ಕಂಡರೂ ಅದಕ್ಕೆ ಮಲ್ಟಿಮೀಟರಿನ (ವಿದ್ಯುತ್ ಅಳೆಯುವ ಉಪಕರಣದ) ಮೊನೆ ತಾಗಿಸಬಾರದು. ಮೀಟರ್ ಹರಿಸುವ ಅಲ್ಪ ವಿದ್ಯುತ್ತೂ ಏರ್‌ಬ್ಯಾಗನ್ನು ಸಿಡಿಸುವ ಅಪಾಯವಿದೆ. ಬೀದರಿನ ಡಿಸೆಂಬರ್ ಮುಂಜಾವಿನ ಚಳಿಯಲ್ಲಿ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕ್ಲಿಪ್‌ಗಳು ಪಟಕ್ಕನೆ ಮುರಿಯುವುದುಂಟು, ಆದ್ದರಿಂದ ಗಾಡಿಯನ್ನು ಸ್ವಲ್ಪ ಹೊತ್ತು ಎಳೆಬಿಸಿಲಿಗೆ ನಿಲ್ಲಿಸಿ ಬಳಿಕ ಪ್ಯಾನೆಲ್ ತೆಗೆಯುವುದು ಲೇಸು.

ಸ್ಟೀರಿಯೊ ಹೊರಗೆಳೆದ ಮೇಲೆ ಗಾಡಿಯ ಕನೆಕ್ಟರ್‌ನಲ್ಲಿ ಬಟನ್‌ಗಳ ವೈರ್ ಯಾವುದೆಂದು ಹುಡುಕಬೇಕು. ನಿಮ್ಮ ಮಾದರಿಯ ವೈರಿಂಗ್ ನಕ್ಷೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮಲ್ಟಿಮೀಟರನ್ನು 20 ಕಿಲೋ ಓಮ್ ಸ್ಥಾನಕ್ಕೆ ತಿರುಗಿಸಿ, ಕಪ್ಪು ಮೊನೆಯನ್ನು ಗಾಡಿಯ ಬಾಡಿಯ ಬರಿ ಲೋಹಕ್ಕೆ ಒತ್ತಿ ಹಿಡಿದು, ಕೆಂಪು ಮೊನೆಯನ್ನು ಕನೆಕ್ಟರ್‌ನ ಒಂದೊಂದೇ ಪಿನ್‌ಗೆ ತಾಗಿಸುತ್ತ ಹೋಗಬೇಕು. ಜೊತೆಯವರೊಬ್ಬರು ವಾಲ್ಯೂಮ್ ಬಟನ್ ಒತ್ತಿ ಒತ್ತಿ ಬಿಡುತ್ತಿರಬೇಕು. ಸರಿಯಾದ ಪಿನ್ ಸಿಕ್ಕಾಗ ಅನುಮಾನಕ್ಕೆ ಎಡೆಯೇ ಇರುವುದಿಲ್ಲ: ಬಟನ್ ಒತ್ತಿದಾಗ ಅಂಕಿ ಒಮ್ಮೆಲೇ ಕೆಳಗಿಳಿದು ಒಂದು ಬೆಲೆಯಲ್ಲಿ ನಿಲ್ಲುತ್ತದೆ, ಬಿಟ್ಟಾಗ ಮೊದಲಿನಂತಾಗುತ್ತದೆ, ಬೇರೆ ಬಟನ್ ಒತ್ತಿದರೆ ಬೇರೆ ಬೆಲೆ ತೋರಿಸುತ್ತದೆ. ಯಾವ ಪಿನ್‌ನಲ್ಲೂ ಬದಲಾವಣೆ ಕಾಣದಿದ್ದರೆ ನಿರಾಶರಾಗಬೇಡಿ. ಕೆಲವು ಕಾರುಗಳಲ್ಲಿ ಬಟನ್‌ಗಳ ಗ್ರೌಂಡ್ ವೈರ್ ಬಾಡಿಗೆ ಸೇರದೆ ಪ್ರತ್ಯೇಕವಾಗಿ ಕನೆಕ್ಟರ್‌ವರೆಗೆ ಬಂದಿರುತ್ತದೆ. ಆಗ ಪಿನ್‌ಗಳನ್ನು ಎರಡೆರಡಾಗಿ ಹಿಡಿದು ಅಳೆಯಬೇಕು. ಸಿಕ್ಕ ಬೆಲೆಗಳನ್ನು ಬಟನ್‌ನ ಹೆಸರಿನ ಮುಂದೆ ಬರೆದಿಟ್ಟುಕೊಂಡರೆ ಮುಂದೆ ದೋಷ ಹುಡುಕುವುದು ಸುಲಭವಾಗುತ್ತದೆ.

ಜೋಡಣೆ ಸರಳ. ಆಂಡ್ರಾಯ್ಡ್ ಸ್ಟೀರಿಯೊದಿಂದ ಸಾಮಾನ್ಯವಾಗಿ ಕೀ 1, ಕೀ 2 ಎಂದು ಬರೆದ ಎರಡು ವೈರ್‌ಗಳು ಬರುತ್ತವೆ. ಗಾಡಿಯಲ್ಲಿ ಬಟನ್‌ಗಳಿಗೆ ಒಂದೇ ವೈರ್ ಇದ್ದರೆ ಕೀ 1ಕ್ಕೆ ಸೇರಿಸಬೇಕು. ಹಾಡಿನ ಬಟನ್‌ಗಳಿಗೆ ಒಂದು, ಫೋನಿನದಕ್ಕೆ ಮತ್ತೊಂದು ಇದ್ದರೆ ಎರಡನ್ನೂ ಬಳಸಬೇಕು. ಪ್ರತ್ಯೇಕ ಗ್ರೌಂಡ್ ವೈರ್ ಇದ್ದಲ್ಲಿ ಅದನ್ನು ಸ್ಟೀರಿಯೊದ ಕಪ್ಪು ವೈರ್‌ಗೆ ಸೇರಿಸಲು ಮರೆಯಬಾರದು. ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿಯಿದ್ದರೂ ಬಟನ್‌ಗಳು ಕೆಲಸ ಮಾಡುವುದಿಲ್ಲ. ಕೀ ವೈರ್‌ಗೆ 12 ವೋಲ್ಟ್ ತಾಗಿದರೆ ಸ್ಟೀರಿಯೊದ ಒಳಭಾಗ ಸುಡಬಹುದು, ಆದ್ದರಿಂದ ಸ್ಟೀರಿಯೊಗೆ ವಿದ್ಯುತ್ ತರುವ ಹಳದಿ ಮತ್ತು ಕೆಂಪು ವೈರ್‌ಗಳ ತುದಿಗಳನ್ನು ಮೊದಲೇ ಮುಚ್ಚಿಡಬೇಕು. ಪಯೋನಿಯರ್‌ನ ಹಲವು ಮಾದರಿಗಳಲ್ಲಿ ಕೀ ವೈರ್ ಬದಲು ಹಿಂಬದಿಯಲ್ಲಿ ವೈರ್ಡ್ ರಿಮೋಟ್ ಎಂಬ 3.5 ಎಂಎಂ ಜ್ಯಾಕ್ ಇರುತ್ತದೆ. ಅದು ತನ್ನದೇ ಬೆಲೆಗಳನ್ನು ಮಾತ್ರ ಗುರುತಿಸುವುದರಿಂದ ಗಾಡಿಯ ಬೆಲೆಗಳನ್ನು ಓದಿ ಬದಲಾಯಿಸಿ ಕೊಡುವ ಅಡಾಪ್ಟರ್ ಅನಿವಾರ್ಯ.

ಜಾಯಿಂಟ್ ವಿಷಯದಲ್ಲಿ ರಾಜಿ ಬೇಡ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಇನ್ಸುಲೇಶನ್ ಟೇಪಿನ ಅಂಟು ಕರಗಿ ಟೇಪ್ ತಾನಾಗಿ ಬಿಚ್ಚಿಕೊಳ್ಳುತ್ತದೆ, ಮೇಲೆ ದಾರಿಯ ಧೂಳು ಸೇರುತ್ತದೆ. ಸೋಲ್ಡರ್ ಹಾಕಿ ಅಥವಾ ಕ್ರಿಂಪ್ ಮಾಡಿ (ಲೋಹದ ತುಣುಕಿನಲ್ಲಿ ಒತ್ತಿ ಬಿಗಿದು), ಅದರ ಮೇಲೆ ಬಿಸಿ ತಾಗಿದಾಗ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದ ಜಾಯಿಂಟ್ ವರ್ಷಗಟ್ಟಲೆ ಬಾಳುತ್ತದೆ. ಸಾಧ್ಯವಾದಷ್ಟು ಗಾಡಿಯ ಮೂಲ ವೈರ್ ಕತ್ತರಿಸದೆ, ಅದಕ್ಕೆ ಹೊಂದುವ ರೆಡಿಮೇಡ್ ಸಾಕೆಟ್ ಕೊಂಡು ಜೋಡಿಸಿ.

ಬ್ಯಾಟರಿ ಮತ್ತೆ ಜೋಡಿಸಿ, ಸ್ಟೀರಿಯೊ ಹಚ್ಚಿ, ಸೆಟ್ಟಿಂಗ್‌ನಲ್ಲಿ ಸ್ಟೀರಿಂಗ್ ಕಲಿಕೆಯ ಪುಟ ತೆರೆಯಿರಿ. ಹಳೆಯದೇನಾದರೂ ಇದ್ದರೆ ಅಳಿಸಿ, ಸ್ಟೀರಿಂಗ್ ಮೇಲಿನ ಬಟನ್ ಒತ್ತಿ ಹಿಡಿದು ಸ್ಕ್ರೀನಿನಲ್ಲಿ ಅದಕ್ಕೆ ಬೇಕಾದ ಚಿಹ್ನೆಯನ್ನು ಮುಟ್ಟಬೇಕು. ಕೆಲವು ಸ್ಟೀರಿಯೊಗಳಲ್ಲಿ ಇದು ಹಿಂದುಮುಂದಾಗಿ, ಮೊದಲು ಚಿಹ್ನೆ ಆಮೇಲೆ ಬಟನ್ ಎಂದಿರುತ್ತದೆ. ಎಲ್ಲವನ್ನೂ ಕಲಿಸಿ ಸೇವ್ ಒತ್ತಿದ ಬಳಿಕವೇ ಪುಟದಿಂದ ಹೊರಬನ್ನಿ. ಒಂದು ಬಟನ್ ಮತ್ತೊಂದರ ಕೆಲಸ ಮಾಡುತ್ತಿದ್ದರೆ ಮೊದಲು ಸಡಿಲ ಜಾಯಿಂಟನ್ನು ಸಂದೇಹಿಸಿ, ಬರೆದಿಟ್ಟ ಬೆಲೆಗಳೊಂದಿಗೆ ಮತ್ತೆ ಅಳತೆ ಹೋಲಿಸಿ ನೋಡಿ.

ಪ್ಯಾನೆಲ್ ಮುಚ್ಚುವ ಮುನ್ನ ಇಂಜಿನ್ ಹಚ್ಚಿ, ಸ್ಟೀರಿಂಗನ್ನು ಎಡತುದಿಗೂ ಬಲತುದಿಗೂ ತಿರುಗಿಸಿ ಪ್ರತಿ ಬಟನ್ ಪರೀಕ್ಷಿಸಬೇಕು. ನೇರವಾಗಿದ್ದಾಗ ಸರಿಯಿದ್ದು ತಿರುಗಿಸಿದಾಗ ತಪ್ಪುತ್ತಿದ್ದರೆ, ದೋಷ ನೀವು ಮಾಡಿದ ಜೋಡಣೆಯಲ್ಲಿ ಇರುವ ಸಾಧ್ಯತೆ ಕಡಿಮೆ. ಚಕ್ರದ ಹಿಂದೆ ಸುರುಳಿಯಾಗಿ ಕುಳಿತ ಕ್ಲಾಕ್ ಸ್ಪ್ರಿಂಗ್ ಸವೆದಿರಬಹುದು. ಹಾರ್ನ್ ಮತ್ತು ಏರ್‌ಬ್ಯಾಗಿನ ಸಂಪರ್ಕವೂ ಅದರ ಮೂಲಕವೇ ಹಾಯುವುದರಿಂದ ಅದನ್ನು ಮನೆಯಂಗಳದಲ್ಲಿ ಬಿಚ್ಚದೆ ಸರ್ವಿಸ್ ಸೆಂಟರಿಗೆ ಒಪ್ಪಿಸಬೇಕು.