ತಾರಸಿಯಿಂದ ಸ್ಕ್ವಿಡ್ ಹಿಡಿದದ್ದು: ನನ್ನ ಅನುಭವ

ಕೊನೆಗೂ ಸಿಕ್ಕಿತು. ಸೀಫಿಯಸ್ ನಕ್ಷತ್ರಪುಂಜದ ಸ್ಕ್ವಿಡ್ ನೀಹಾರಿಕೆಯ ಚಿತ್ರ, ಅದೂ ನನ್ನ ತಾರಸಿಯಿಂದಲೇ, ಎಂಟು ಇಂಚಿನ ಹಳೇ ಎಫ್/4 ನ್ಯೂಟೋನಿಯನ್‌ನಲ್ಲಿ, ಅಂದರೆ ಕನ್ನಡಿಯ ಟೆಲಿಸ್ಕೋಪಿನಲ್ಲಿ. ಬೀದಿದೀಪದ ಬೆಳಕಲ್ಲೇ ಕೇಬಲ್ ಜೋಡಿಸಬಹುದಾದ ತಾರಸಿ ಅದು. ಟಾರ್ಚ್ ಬೇಕಾಗಿಲ್ಲ. ಆಕಾಶದ ಕತ್ತಲನ್ನು 1ರಿಂದ 9ರವರೆಗೆ ಅಳೆಯುವ ಬಾರ್ಟಲ್ ಮಾಪಕದಲ್ಲಿ 8 ಅಂತ ಇಟ್ಟುಕೊಳ್ಳಿ, 9 ಅಂದರೆ ಅತಿ ಬೆಳಕು. "ಅಲ್ಲಿಂದ ಓ-ತ್ರೀ ತೆಗೀತೀಯಾ? ಸುಮ್ನೆ ನಿದ್ದೆ ಕೆಡಿಸ್ಕೋಬೇಡ" ಅಂದವರು ಒಬ್ಬಿಬ್ಬರಲ್ಲ. ಓ-ತ್ರೀ ಅಂದರೆ ನೀಹಾರಿಕೆಯ ಆಮ್ಲಜನಕ ಸೂಸುವ ನೀಲಿ-ಹಸಿರು ಬೆಳಕು. ಇದನ್ನು ಬರೆಯುತ್ತಿರುವುದರಲ್ಲಿ ಅರ್ಧ ಅವರಿಗಾಗಿಯೇ.

ಸ್ಕ್ವಿಡ್ ಎಷ್ಟು ಮಂಕು ಅನ್ನುವುದಕ್ಕೆ ಅದರ ಇತಿಹಾಸವೇ ಸಾಕು. ಷಾರ್ಪ್‌ಲೆಸ್ ಅನ್ನುವ ಖಗೋಳವಿಜ್ಞಾನಿ ಮಾಡಿದ ನೀಹಾರಿಕೆಗಳ ಪಟ್ಟಿಯಲ್ಲಿ 129ನೆಯದರ ಮಡಿಲಲ್ಲೇ ಅದು ಕೂತಿದೆ. ಆ ಪಟ್ಟಿ ಬಂದದ್ದು 1959ರಲ್ಲಿ. ಸ್ಕ್ವಿಡ್ ಕಣ್ಣಿಗೆ ಬಿದ್ದದ್ದು 2011ರಲ್ಲಿ, ಫ್ರಾನ್ಸಿನ ಹವ್ಯಾಸಿ ನಿಕೋಲಾ ಊಟರ್ಸ್ ಅವರಿಗೆ. ಉದ್ದ ಒಂದು ಡಿಗ್ರಿಗಿಂತ ಜಾಸ್ತಿ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು. ಅಷ್ಟು ದೊಡ್ಡದು ಇಷ್ಟು ದಿನ ಯಾರಿಗೂ ಕಂಡಿರಲಿಲ್ಲ. ಅದರ ಬೆಳಕೆಲ್ಲ ಹೆಚ್ಚುಕಡಿಮೆ ಓ-ತ್ರೀಯಲ್ಲೇ, 500.7 ನ್ಯಾನೋಮೀಟರ್‌ನಲ್ಲಿ.

ಮೊದಲ ವರ್ಷ ನಾನು ಮಾಡಿದ ತಪ್ಪು ಚಂದ್ರನದ್ದು. ಅರ್ಧ ಚಂದ್ರ ಇದ್ದಾಗಲೂ ಎಚ್-ಆಲ್ಫಾ, ಅಂದರೆ ಹೈಡ್ರೋಜನ್‌ನ ಕೆಂಪು ಬೆಳಕು, ಚೆನ್ನಾಗಿ ಬರುತ್ತದೆ, ಓ-ತ್ರೀಗೂ ಹಾಗೇ ಅಂದುಕೊಂಡೆ. ದಡ್ಡತನ. ಚದುರಿದ ಬೆಳದಿಂಗಳು ನೀಲಿ ಕಡೆಗೆ ಜಾಸ್ತಿ, ಅದು ಓ-ತ್ರೀ ಮೇಲೆ ನೇರವಾಗಿ ಬಂದು ಕೂರುತ್ತದೆ. ಮೇಲಾಗಿ ಆಗ ನನ್ನ ಹತ್ತಿರ ಇದ್ದದ್ದು 12 ನ್ಯಾನೋಮೀಟರ್‌ನ ಅಗ್ಗದ ಫಿಲ್ಟರ್. ಫಿಲ್ಟರ್ ಬೆಳಕು ಬಿಡುವ ಕಿಟಕಿಯ ಅಗಲ ಅದು, ಕಿರಿದಾದಷ್ಟೂ ಬೀದಿದೀಪದ ಬೆಳಕು ಕಡಿಮೆ ಬರುತ್ತದೆ. ಸುಮಾರು 18 ಗಂಟೆ ಕೂಡಿಸಿದೆ. ಎಲ್ಲ ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ (ಸ್ಟ್ಯಾಕ್ ಮಾಡಿ), ಮಂಕು ಭಾಗ ಕಾಣುವಂತೆ ಎಳೆದು ನೋಡಿದರೆ ಹಿನ್ನೆಲೆ ತುಂಬ ತೇಪೆ. ಹದಿನೆಂಟೂ ಗಂಟೆಯನ್ನು ಅಳಿಸಿ ಹಾಕಿದೆ.

ಎರಡನೇ ವರ್ಷ ಮರ್ಯಾದೆ ಹೋಯಿತು. 7 ನ್ಯಾನೋಮೀಟರ್ ಫಿಲ್ಟರ್ ಹಾಕಿ 20 ಗಂಟೆ ತೆಗೆದೆ. ಈ ಸಲ ಚೌಕಟ್ಟಿನ ನಡುವೆ ನೀಲಿ ಬಣ್ಣದ ಉದ್ದನೆಯ ಆಕಾರ ಕಂಡಿತು. ಕುಣಿದಾಡಿಬಿಟ್ಟೆ. ಈ ಹವ್ಯಾಸದಲ್ಲಿ ನನಗಿಂತ ಹತ್ತು ವರ್ಷ ಹಳಬನಾದ ಗೆಳೆಯನಿಗೆ ರಾತ್ರೋರಾತ್ರಿ ಕಳಿಸಿದೆ. ಅವನು ಬೆಳಗ್ಗೆ ಒಂದೇ ಸಾಲು ಬರೆದ: "ನಿನ್ನ ಸ್ಕ್ವಿಡ್ ಆಕಾಶದಲ್ಲಿಲ್ಲ ಕಣೋ, ಟ್ಯೂಬಿನೊಳಗಿದೆ." ಅದು ಫ್ಲ್ಯಾಟ್ ಕೆಟ್ಟು ಉಳಿದ ಕಲೆ. ಫ್ಲ್ಯಾಟ್ ಅಂದರೆ ಟೆಲಿಸ್ಕೋಪಿನೊಳಗಿನ ಬೆಳಕಿನ ಏರುಪೇರು ಸರಿಪಡಿಸಲು ಸಮವಾದ ಬೆಳಕಿಗೆ ಹಿಡಿದು ತೆಗೆಯುವ ಚಿತ್ರ. ನಿಜವಾದ ಸ್ಕ್ವಿಡ್ ಮಲಗಿರುವ ದಿಕ್ಕೇ ಬೇರೆ. ಅದನ್ನಾದರೂ ನೋಡಿಕೊಳ್ಳಬಾರದಿತ್ತಾ?

ಆ ಸಿಟ್ಟಿನಲ್ಲಿ ಹಣವನ್ನೂ ಕಳೆದುಕೊಂಡೆ. ನ್ಯೂಟೋನಿಯನ್‌ನದ್ದೇ ದೋಷ ಎಂದು ತೀರ್ಮಾನಿಸಿ ಒಂದು ಟ್ರಿಪ್ಲೆಟ್ ರಿಫ್ರ್ಯಾಕ್ಟರ್, ಅಂದರೆ ಮೂರು ಮಸೂರದ ಟೆಲಿಸ್ಕೋಪ್, ಕೊಂಡೆ. ಎಂಟು ತಿಂಗಳಾದ ಮೇಲೆ ಮೂರನೇ ಎರಡು ಭಾಗದ ಬೆಲೆಗೆ ಮಾರಿದೆ. ಕೆಟ್ಟ ಟೆಲಿಸ್ಕೋಪೇನಲ್ಲ, ನನ್ನ ತೊಂದರೆಗೆ ಅದು ಮದ್ದಾಗಿರಲಿಲ್ಲ ಅಷ್ಟೇ. ಫಿಲ್ಟರ್ ಲೆಕ್ಕ ಕೇಳಿದರೆ ಇನ್ನೂ ನಗುತ್ತೀರಿ. ಮೊದಲು 12, ಆಮೇಲೆ 7, ಮಧ್ಯೆ ಎರಡು ಬಣ್ಣಗಳನ್ನು ಒಟ್ಟಿಗೆ ಬಿಡುವ ಒಂದು ಡ್ಯುಯಲ್ ಬ್ಯಾಂಡ್, ಕೊನೆಗೆ 3 ನ್ಯಾನೋಮೀಟರ್. ಮೊದಲ ಮೂರಕ್ಕೆ ಸುರಿದ ಹಣದಲ್ಲಿ 3 ನ್ಯಾನೋಮೀಟರ್‌ನ ಒಳ್ಳೆಯದೊಂದು ಬಂದು, ಮೇಲೆ ಸ್ವಲ್ಪ ಚಿಲ್ಲರೆಯೂ ಉಳಿಯುತ್ತಿತ್ತು.

ದಾರಿ ತೋರಿಸಿದ್ದು ಮೆರಿಡಿಯನ್ ಫ್ಲಿಪ್, ಅಂದರೆ ಗುರಿ ಉತ್ತರ-ದಕ್ಷಿಣದ ನಡುಗೆರೆ ದಾಟಿದಾಗ ಟೆಲಿಸ್ಕೋಪನ್ನು ಸ್ಟ್ಯಾಂಡಿನ ಇನ್ನೊಂದು ಬದಿಗೆ ಹೊರಳಿಸುವುದು. ನಾವೆಲ್ಲ ಅದನ್ನು ತಲೆನೋವು ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಫ್ಲಿಪ್ ಆದಾಗ ನಕ್ಷತ್ರಗಳ ಎದುರು ಟ್ಯೂಬೂ ಕ್ಯಾಮೆರಾವೂ 180 ಡಿಗ್ರಿ ತಿರುಗುತ್ತವೆ. ಹಾಗಾಗಿ ಫ್ಲಿಪ್‌ಗೆ ಮುಂಚಿನ ಸಬ್‌ಗಳದ್ದು (ಬಿಡಿ ಎಕ್ಸ್‌ಪೋಷರ್‌ಗಳದ್ದು) ಒಂದು ಸ್ಟ್ಯಾಕ್, ನಂತರದ್ದು ಇನ್ನೊಂದು ಮಾಡಿ. ಎರಡನ್ನೂ ನಕ್ಷತ್ರಕ್ಕೆ ಹೊಂದಿಸಿ ಒಂದಾದ ಮೇಲೊಂದು ನೋಡಿ. ಆಕಾಶದಲ್ಲಿ ಇರುವಂಥದ್ದು ಜಾಗ ಬಿಟ್ಟು ಕದಲುವುದಿಲ್ಲ. ಟ್ಯೂಬಿನ ಕಲೆ ಎದುರು ಮೂಲೆಗೆ ಹಾರುತ್ತದೆ. ಎರಡನೇ ವರ್ಷದ ಡೇಟಾವನ್ನು ಹೀಗೆ ಒಡೆದು ನೋಡಿದೆ. ನನ್ನ ಸ್ಕ್ವಿಡ್ ಪಲ್ಟಿ ಹೊಡೆಯಿತು. ಗೆಳೆಯ ಹೇಳಿದ್ದು ನಿಜ.

ಈಗ ನಾನು ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ, ಒಪ್ಪದವರು ಒಪ್ಪಬೇಡಿ. ಇಂಥ ಆಕಾಶದಲ್ಲಿ ನಮ್ಮ ಶತ್ರು ಬೆಳಕು ಸಾಲದಿರುವುದಲ್ಲ, ಹಿನ್ನೆಲೆ ಸಮವಾಗಿಲ್ಲದಿರುವುದು. ನನ್ನ ಸಬ್‌ಗಳಲ್ಲಿ ಹಿನ್ನೆಲೆ 100 ಇದ್ದರೆ ಸ್ಕ್ವಿಡ್‌ನ ಪಾಲು ಒಂದೂ ಇರಲಿಲ್ಲ. ಫ್ಲ್ಯಾಟ್ ಒಂದು ಪರ್ಸೆಂಟ್ ತಪ್ಪಿದರೆ ಆ ತಪ್ಪೇ ನೀಹಾರಿಕೆಗಿಂತ ದೊಡ್ಡದು. ನೂರು ಗಂಟೆ ಕೂಡಿಸಿದರೂ ಅದು ಕರಗುವುದಿಲ್ಲ. ನಾಯ್ಸ್ ಆದರೆ ಕರಗುತ್ತದೆ, ನಾಲ್ಕು ಪಟ್ಟು ಸಮಯಕ್ಕೆ ಅರ್ಧ ಆಗುತ್ತದೆ. ಕಲೆ ಮಾತ್ರ ಪ್ರತಿ ಸಬ್‌ನಲ್ಲೂ ಅಲ್ಲೇ ಕೂತಿರುತ್ತದೆ.

ಹಾಗಾದರೆ ಫ್ಲ್ಯಾಟ್ ಯಾಕೆ ಕೆಡುತ್ತಿತ್ತು? ಒಂದು ರಾತ್ರಿ ಟ್ಯೂಬಿನ ಬಾಯಿಗೆ ಮುಚ್ಚಳ ಹಾಕಿ, ಐದೈದು ನಿಮಿಷದ ಎಕ್ಸ್‌ಪೋಷರ್ ಕೊಟ್ಟು, ಟಾರ್ಚ್ ಹಿಡಿದು ಸುತ್ತಲೂ ಓಡಾಡಿದೆ. ಮುಚ್ಚಿದಾಗ ಸರಾಸರಿ ಮಟ್ಟ ಸುಮಾರು 500. ಕನ್ನಡಿಯ ಹಿಂದೆ ಟಾರ್ಚ್ ಹಿಡಿದರೆ 640. ಫೋಕಸರ್ ಕೊಳವೆಯ ಪಕ್ಕ ಹಿಡಿದರೆ 560, 570 ಇರಬೇಕು. ಕನ್ನಡಿಯ ಅಂಚಿಗೂ ಟ್ಯೂಬಿಗೂ ನಡುವಿನ ಸಂದಿಯಿಂದ ಬೀದಿದೀಪ ಒಳಗೆ ಬರುತ್ತಿತ್ತು. ಫ್ಲ್ಯಾಟನ್ನು ಬೆಳಗ್ಗೆ ಬೆಳಕಾದ ಮೇಲೆ ತೆಗೆಯುತ್ತಿದ್ದೆ, ಆಗಂತೂ ಹಗಲ ಬೆಳಕೇ ಹಿಂದಿನಿಂದ ನುಗ್ಗುತ್ತಿತ್ತು. ಮೂರು ವರ್ಷದ ಗೋಳಿಗೆ ಪರಿಹಾರ ಏನು ಗೊತ್ತಾ? ಟ್ಯೂಬಿನ ಹಿಂಬದಿಗೆ, ಸ್ನಾನ ಮಾಡುವಾಗ ತಲೆಗೆ ಹಾಕುವ ಎಲಾಸ್ಟಿಕ್ ಟೋಪಿ, ಅದರೊಳಗೆ ಕಪ್ಪು ಬಟ್ಟೆಯ ಎರಡು ಪದರ. ಫೋಕಸರ್‌ಗೆ ಹಳೇ ಕಾಲುಚೀಲದ ತೋಳು. ಖರ್ಚು ಇಲ್ಲವೆನ್ನುವಷ್ಟು. ರಿಫ್ರ್ಯಾಕ್ಟರ್ ಮಾರಿ ಕಳೆದುಕೊಂಡ ಹಣ ನೆನಪಾಗಿ ಆ ರಾತ್ರಿ ಊಟ ಸೇರಲಿಲ್ಲ.

ಟೋಪಿ ಹಾಕಿದರೆ ಕನ್ನಡಿ ಬೇಗ ತಣಿಯುವುದಿಲ್ಲ, ಅದೊಂದು ತಾಪತ್ರಯ. ಒಂದು ಗಂಟೆ ಮುಂಚೆ ಫ್ಯಾನ್ ಓಡಿಸಿ, ಆಮೇಲೆ ಟೋಪಿ ಹಾಕುತ್ತೇನೆ. ಫ್ಲ್ಯಾಟ್ ಈಗ ಕತ್ತಲಲ್ಲೇ, ಕ್ಯಾಮೆರಾ ಬಿಚ್ಚದೆ, ಪ್ಯಾನೆಲ್ ಮೇಲೆ ಬಿಳಿ ಕಾಗದ ಹಾಕಿ, ನಾಲ್ಕು ಸೆಕೆಂಡಿನ ಎಕ್ಸ್‌ಪೋಷರ್. ಅಷ್ಟೇ ಉದ್ದದ ಡಾರ್ಕ್ ಫ್ಲ್ಯಾಟ್, ಅಂದರೆ ಫ್ಲ್ಯಾಟ್‌ನಿಂದ ಕಳೆಯಲು ಬೆಳಕು ಮುಚ್ಚಿ ತೆಗೆದ ಚಿತ್ರ. ಮುಂಚೆ ಸೆಕೆಂಡಿನ ನೂರನೇ ಒಂದು ಭಾಗದ ಫ್ಲ್ಯಾಟ್ ತೆಗೆದು ಬಯಾಸ್ (ಬೆಳಕು ಮುಚ್ಚಿ ತೆಗೆದ ಅತಿ ಚಿಕ್ಕ ಎಕ್ಸ್‌ಪೋಷರ್) ಕಳೆಯುತ್ತಿದ್ದೆ. ನನ್ನ ಕ್ಯಾಮೆರಾಗೆ ಅದು ಒಗ್ಗಲಿಲ್ಲ.

ಮಧ್ಯೆ ಎರಡು ಅಡ್ಡ ಪ್ರಯೋಗ ಮಾಡಿದೆ. ಒಂದು, 20 ನಿಮಿಷದ ಸಬ್. 3 ನ್ಯಾನೋಮೀಟರ್ ಫಿಲ್ಟರ್ ಇದ್ದಮೇಲೆ ಉದ್ದ ಸಬ್ ಬೇಕೇಬೇಕು ಅನ್ನುತ್ತಾರೆ. ಐದು ನಿಮಿಷದ್ದರ ಜೊತೆ ಇಟ್ಟು ನೋಡಿದೆ, ಒಟ್ಟು ಸಮಯ ಎರಡಕ್ಕೂ ಒಂದೇ. ವ್ಯತ್ಯಾಸ ಕಾಣಲಿಲ್ಲ. ನನ್ನ ಆಕಾಶ ಎಷ್ಟು ಬೆಳಕಾಗಿದೆಯೆಂದರೆ ಐದು ನಿಮಿಷದಲ್ಲೇ ಆಕಾಶದ ನಾಯ್ಸ್ ಕ್ಯಾಮೆರಾದ ರೀಡ್ ನಾಯ್ಸನ್ನು (ಪ್ರತಿ ಚಿತ್ರ ಓದುವಾಗ ಕ್ಯಾಮೆರಾ ತಾನೇ ಸೇರಿಸುವ ನಾಯ್ಸ್) ಮುಳುಗಿಸಿಬಿಡುತ್ತದೆ. ಇಪ್ಪತ್ತು ನಿಮಿಷದ್ದರಲ್ಲಿ ಒಂದು ಮೋಡ ಬಂದರೆ ಇಪ್ಪತ್ತೂ ಹೋಯಿತು.

ಇನ್ನೊಂದು, 135 ಮಿ.ಮೀ. ಎಫ್/2 ಕ್ಯಾಮೆರಾ ಲೆನ್ಸಿಗೆ ಅದೇ ಫಿಲ್ಟರ್ ಹಾಕಿದ್ದು. ಎಫ್/2ರಲ್ಲಿ ಓ-ತ್ರೀ ಬಹಳ ಸಪ್ಪೆ. ಲೆನ್ಸ್ ಕೆಟ್ಟಿದೆ ಅಂತ ಎರಡು ರಾತ್ರಿ ಬೈದುಕೊಂಡೆ. ಆಮೇಲೆ ಹೊಳೆಯಿತು. ಓರೆಯಾಗಿ ಬಿದ್ದ ಬೆಳಕಿಗೆ ಫಿಲ್ಟರ್‌ನ ಕಿಟಕಿ ನೀಲಿ ಕಡೆಗೆ ಸರಿಯುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಂಚಿನ ಬೆಳಕು ಹೆಚ್ಚು ಓರೆ. ಎಫ್/2ರ ಅಂಚಿನ ಕಿರಣಗಳಿಗೆ ಮೂರು ನ್ಯಾನೋಮೀಟರ್‌ಗೂ ಜಾಸ್ತಿ ಸರಿಯುತ್ತದೆ. ಕಿಟಕಿಯೇ ಮೂರು ಇರುವಾಗ ಇನ್ನೇನು ಉಳಿಯುತ್ತದೆ? ಎಫ್/4ಕ್ಕೆ ಇಳಿಸಿದ ಕೂಡಲೇ ಸರಿಹೋಯಿತು. ಅಂಥ ವೇಗದ ಲೆನ್ಸಿಗೆ ಅಂತಲೇ ಸರಿಸಿ ಮಾಡಿದ ಫಿಲ್ಟರ್‌ಗಳಿವೆ, ಆದರೆ ಐದನೇ ಫಿಲ್ಟರ್ ಕೊಳ್ಳುವ ಧೈರ್ಯ ನನಗಿಲ್ಲ.

ಮೂರನೇ ವರ್ಷ ಅಮಾವಾಸ್ಯೆಯ ಆಚೀಚೆ ಐದೈದು ದಿನ ಮಾತ್ರ ಓ-ತ್ರೀ. ಚಂದ್ರ ಇದ್ದ ರಾತ್ರಿ ಎಚ್-ಆಲ್ಫಾ. ಕ್ಯಾಮೆರಾ ಮೈನಸ್ 10 ಡಿಗ್ರಿಯಲ್ಲಿ, ಗೈಡಿಂಗ್ (ನಕ್ಷತ್ರ ಹಿಂಬಾಲಿಸುವಾಗಿನ ತಪ್ಪು) 0.7 ಆರ್ಕ್ ಸೆಕೆಂಡ್ ಆಸುಪಾಸು, ಪ್ರತಿ ಮೂರು ಸಬ್‌ಗೆ ಒಂದು ಡಿದರ್, ಅಂದರೆ ಗುರಿಯನ್ನು ತುಸು ಜರುಗಿಸುವುದು. ಓ-ತ್ರೀ ಒಟ್ಟು 46 ಗಂಟೆ ಬಂತು. ಸೀಫಿಯಸ್ ತೀರಾ ಕೆಳಗಿದ್ದಾಗಿನವು, ಇಬ್ಬನಿ ಕೂತವು, ತೆಳು ಮೋಡದವು ಎಲ್ಲ ಎಸೆದು ಉಳಿದದ್ದು 38 ಗಂಟೆ. ಸುಮಾರು 450 ಸಬ್. ಎಸೆಯುವಾಗ ಕೈ ನಡುಗಿತು ನಿಜ. ಎಚ್-ಆಲ್ಫಾ ಆರೇಳು ಗಂಟೆ, ನಕ್ಷತ್ರದ ಬಣ್ಣಕ್ಕೆ ಅರ್ಧ ಗಂಟೆ.

ಪ್ರೊಸೆಸಿಂಗ್‌ನಲ್ಲಿ ಎಡವುವ ಜಾಗ ಒಂದೇ. ಗ್ರೇಡಿಯೆಂಟ್ (ಹಿನ್ನೆಲೆಯ ಬೆಳಕಿನ ಏರಿಳಿತ) ತೆಗೆಯುವುದನ್ನು ಸಾಫ್ಟ್‌ವೇರ್ ಕೈಗೆ ಪೂರ್ತಿ ಕೊಟ್ಟರೆ ಅದು ಸ್ಕ್ವಿಡ್ಡನ್ನೂ ಗ್ರೇಡಿಯೆಂಟ್ ಅಂತ ಗುಡಿಸಿ ಹಾಕುತ್ತದೆ. ನನಗೂ ಎರಡು ಸಲ ಹಾಗಾಯಿತು. ಹಿನ್ನೆಲೆಯ ಬಿಂದುಗಳನ್ನು ಕೈಯಿಂದಲೇ ಇಡಿ, ಕಡಿಮೆ ಇಡಿ. ನಾನು ಆ ಬಿಂದುಗಳನ್ನು ಎಲ್ಲಿಡಬೇಕೆಂದು ಎಚ್-ಆಲ್ಫಾ ಚಿತ್ರದಿಂದ ತಿಳಿದುಕೊಳ್ಳುವ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಸಾಫ್ಟ್‌ವೇರ್‌ನಲ್ಲಿ ನಕ್ಷತ್ರಗಳನ್ನು ಅಳಿಸಿದ ಮೇಲೆ ಎರಡಕ್ಕೆರಡು ಬಿನ್ ಮಾಡಿ, ಅಂದರೆ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ. ಸ್ಕ್ವಿಡ್‌ನಲ್ಲಿ ಸಣ್ಣ ವಿವರ ಹೇಗೂ ಕಡಿಮೆ, ರೆಸಲ್ಯೂಷನ್ ಹೋಯಿತೆಂದು ಅಳುವ ಅಗತ್ಯವಿಲ್ಲ.

ಮುಗಿಸಿ ಮೊದಲು ಮಾಡಿದ ಕೆಲಸ ಫ್ಲಿಪ್ ಪರೀಕ್ಷೆ. ಮುಂಚಿನ ಸ್ಟ್ಯಾಕ್, ನಂತರದ ಸ್ಟ್ಯಾಕ್. ಎರಡರಲ್ಲೂ ಸ್ಕ್ವಿಡ್ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಮಲಗಿತ್ತು. ಚಿತ್ರದ ಬದಲು ಆ ಎರಡು ಸ್ಟ್ಯಾಕನ್ನೇ ಗೆಳೆಯನಿಗೆ ಕಳಿಸಿದೆ. ಮಧ್ಯಾಹ್ನದವರೆಗೆ ಉತ್ತರವಿಲ್ಲ. ಆಮೇಲೆ ಫೋನ್ ಬಂತು: "ಆ ಟೋಪಿಯ ಅಳತೆ ಹೇಳು."

ಈಗ ಕಣ್ಣು ಆಂಡ್ರೊಮೀಡಾ ಗೆಲಾಕ್ಸಿಯ ಪಕ್ಕದ ಓ-ತ್ರೀ ಕಮಾನಿನ ಮೇಲಿದೆ. 2023ರಲ್ಲಿ ಮೂವರು ಹವ್ಯಾಸಿಗಳು ಜಗತ್ತಿಗೆ ತೋರಿಸಿದ್ದು, ಹತ್ತು ಸೆಂಟಿಮೀಟರ್ ಆಸುಪಾಸಿನ ಟೆಲಿಸ್ಕೋಪಿನಲ್ಲಿ, ನೂರಕ್ಕೂ ಜಾಸ್ತಿ ಗಂಟೆ ಸುರಿದು. ನನ್ನ ನ್ಯೂಟೋನಿಯನ್‌ನ ಚೌಕಟ್ಟು ಅದಕ್ಕೆ ಚಿಕ್ಕದು, ಹಾಗಾಗಿ ಆ 135ರ ಲೆನ್ಸನ್ನೇ ಎಫ್/4ಕ್ಕೆ ಇಳಿಸಿ ಕೂರಿಸಿದ್ದೇನೆ. 11 ಗಂಟೆ ಆಗಿದೆ. ಫ್ಲಿಪ್‌ನ ಎರಡೂ ಕಡೆ ಒಂದೇ ಜಾಗದಲ್ಲಿ ಏನೋ ತುಸು ಮಸುಕಾಗಿ ಕಂಡ ಹಾಗಿದೆ. ಗೆಳೆಯನಿಗೆ ಇನ್ನೂ ಹೇಳಿಲ್ಲ.