ಗುಂಡಿ ಒತ್ತಿದರೂ ಏಳದ ಹೊಸ ಕಂಪ್ಯೂಟರ್: ವಿದ್ಯುತ್ತಿನ ದಾರಿಯಲ್ಲೇ ದೋಷ ಹುಡುಕಿದ ನನ್ನ ಅನುಭವ

ಹೊಸದಾಗಿ ಜೋಡಿಸಿದ ಡೆಸ್ಕ್‌ಟಾಪ್ ಆನ್ ಆಗದಿದ್ದಾಗ ಯಾವ ಭಾಗ ಕೆಟ್ಟಿರಬಹುದು ಎಂದು ಊಹಿಸುವುದಕ್ಕಿಂತ ಮೊದಲು, ಅದು ಯಾವ ಬಗೆಯಲ್ಲಿ ಆನ್ ಆಗುತ್ತಿಲ್ಲ ಎಂಬುದನ್ನು ಗಮನಿಸಬೇಕು. ಗುಂಡಿ ಒತ್ತಿದಾಗ ಏನೊಂದೂ ಅಲುಗದಿರುವುದು ಒಂದು ಬಗೆ. ಫ್ಯಾನ್ ಅರೆಕ್ಷಣ ತಿರುಗಿ ನಿಂತುಬಿಡುವುದು ಇನ್ನೊಂದು. ಫ್ಯಾನುಗಳೆಲ್ಲ ತಿರುಗುತ್ತಿದ್ದರೂ ಪರದೆಯ ಮೇಲೆ ಏನೂ ಮೂಡದಿರುವುದು ಮೂರನೆಯದು. ಮೂರಕ್ಕೂ ಕಾರಣಗಳು ಬೇರೆ, ಹುಡುಕುವ ಕ್ರಮವೂ ಬೇರೆ. ನಾನು ಜೋಡಿಸಿದ ಕಂಪ್ಯೂಟರ್ ಮೊದಲ ಬಗೆಯದಾಗಿತ್ತು. ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ಹಾಕಿ ಮುಂದಿನ ಗುಂಡಿಯನ್ನು ಒತ್ತಿದರೆ ಯಾವ ಪ್ರತಿಕ್ರಿಯೆಯೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಭಾಗಗಳನ್ನು ಒಂದೊಂದಾಗಿ ಬದಲಿಸಿ ನೋಡುವ ಪದ್ಧತಿ ನನಗೆ ಒಪ್ಪಿಗೆಯಾಗುವುದಿಲ್ಲ. ಬದಲಿ ಭಾಗಗಳು ಎಲ್ಲರ ಮನೆಯಲ್ಲೂ ಇರುವುದಿಲ್ಲ ಎಂಬುದು ಒಂದು ಕಾರಣವಾದರೆ, ದೋಷವಿರುವ ಭಾಗ ಹೊಸದಾಗಿ ತಂದ ಒಳ್ಳೆಯ ಭಾಗವನ್ನೂ ಹಾಳು ಮಾಡಬಹುದು ಎಂಬುದು ಇನ್ನೊಂದು. ವಿದ್ಯುತ್ತು ಎಲ್ಲಿಂದ ಹೊರಟು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಅಳೆಯುತ್ತಾ ಹೋಗುವುದು ನಿಧಾನವೆನಿಸಿದರೂ ಅದೇ ಹತ್ತಿರದ ದಾರಿ. ಅದಕ್ಕೆ ಬೇಕಾದದ್ದು ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಮತ್ತು ಆನ್ ಆಗುವ ಕ್ರಿಯೆ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ.

ಆ ಕ್ರಿಯೆ ಹೀಗಿದೆ. ಎಸ್‌ಎಂಪಿಎಸ್‌ಗೆ ಗೋಡೆಯ ವಿದ್ಯುತ್ತು ಸಿಕ್ಕಿದ ಕೂಡಲೇ, ಕಂಪ್ಯೂಟರ್ ಇನ್ನೂ ಆಫ್ ಆಗಿರುವಾಗಲೇ, ಅದು ಸ್ಟ್ಯಾಂಡ್‌ಬೈ ಎಂಬ ಹೆಸರಿನ 5 ವೋಲ್ಟನ್ನು 24 ಪಿನ್ನಿನ ದೊಡ್ಡ ಕನೆಕ್ಟರಿನ 9ನೆಯ ಪಿನ್ನಿನ ಮೂಲಕ, ಉಳಿದ ಭಾಗಗಳೆಲ್ಲ ಕೂಡಿಕೊಳ್ಳುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೆ ಕೊಡಲಾರಂಭಿಸುತ್ತದೆ. ಈ ಅಲ್ಪ ವಿದ್ಯುತ್ತಿನಿಂದ ಮದರ್‌ಬೋರ್ಡಿನ ಒಂದು ಸಣ್ಣ ಭಾಗ ಸದಾ ಎಚ್ಚರವಾಗಿದ್ದು, ಗುಂಡಿ ಒತ್ತುವುದನ್ನು ಕಾಯುತ್ತಿರುತ್ತದೆ. ಗುಂಡಿ ಒತ್ತಿದಾಗ ಅದು 16ನೆಯ ಪಿನ್ನನ್ನು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಎಳೆಯುತ್ತದೆ; ಎಸ್‌ಎಂಪಿಎಸ್ ಅದನ್ನು ಅಪ್ಪಣೆಯೆಂದು ತೆಗೆದುಕೊಂಡು 12, 5 ಮತ್ತು 3.3 ವೋಲ್ಟುಗಳನ್ನು ಹೊರಡಿಸುತ್ತದೆ. ಅವು ಸ್ಥಿರವಾದ ಮೇಲೆ, ಸುಮಾರು 100ರಿಂದ 500 ಮಿಲಿಸೆಕೆಂಡುಗಳೊಳಗೆ, 8ನೆಯ ಪಿನ್ನಿನಲ್ಲಿ ಎಲ್ಲವೂ ಸರಿಯಿದೆ ಎಂಬ ಸಂಕೇತ ಬರುತ್ತದೆ, ಆಮೇಲಷ್ಟೇ ಪ್ರೊಸೆಸರ್ ತನ್ನ ಕೆಲಸ ಶುರುಮಾಡುತ್ತದೆ. ಅಂದರೆ ಕ್ಯಾಬಿನೆಟ್ಟಿನ ಗುಂಡಿ ಮನೆಯ ದೀಪದ ಸ್ವಿಚ್ಚಿನಂತೆ ವಿದ್ಯುತ್ತನ್ನು ಹರಿಯಬಿಡುವ ಗುಂಡಿಯಲ್ಲ. ಸ್ಟ್ಯಾಂಡ್‌ಬೈ ಇಲ್ಲದಿದ್ದರೆ ಅದನ್ನು ಎಷ್ಟು ಒತ್ತಿದರೂ ಕೇಳಿಸಿಕೊಳ್ಳುವವರೇ ಇರುವುದಿಲ್ಲ.

ಹೊರಗಿನ ಸಂಗತಿಗಳನ್ನು ಬೇಗನೆ ಮುಗಿಸಿದೆ. ಗೋಡೆಯ ಪ್ಲಗ್ಗಿಗೆ ಟೇಬಲ್ ದೀಪವನ್ನು ಸಿಕ್ಕಿಸಿ ನೋಡಿದೆ, ಕೇಬಲ್ ಎಸ್‌ಎಂಪಿಎಸ್‌ನೊಳಗೆ ಪೂರ್ತಿ ಕೂತಿದೆಯೇ ಎಂದು ಒತ್ತಿ ನೋಡಿದೆ, ಹಿಂಬದಿಯ ಸ್ವಿಚ್ಚು ಗೆರೆಯ ಗುರುತಿನ ಕಡೆಗಿದೆಯೇ ಹೊರತು ಸೊನ್ನೆಯ ಕಡೆಗಿಲ್ಲ ಎಂಬುದನ್ನು ಖಚಿತಪಡಿಸಿಕೊಂಡೆ. 24 ಪಿನ್ನಿನ ಕನೆಕ್ಟರಿನ ಕೊಂಡಿ ಕಚ್ಚಿಕೊಂಡಿತ್ತು. ಪ್ರೊಸೆಸರಿನ ಪಕ್ಕದ 8 ಪಿನ್ನಿನ ಕನೆಕ್ಟರೂ ತನ್ನ ಜಾಗದಲ್ಲಿತ್ತು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿನ ಕೇಬಲ್ ನೋಡಲು ಅದರಂತೆಯೇ ಇದ್ದರೂ ಒಳಗಿನ ತಂತಿಗಳ ಕ್ರಮ ಬೇರೆಯಾದ್ದರಿಂದ, ಅದನ್ನು ಒತ್ತಾಯದಿಂದ ಇಲ್ಲಿಗೆ ತೂರಿಸಕೂಡದು.

ನಂತರ ಗುಂಡಿಯ ಸರದಿ. ಕ್ಯಾಬಿನೆಟ್ಟಿನಿಂದ ಬರುವ ಸಣ್ಣ ತಂತಿಗಳು ಮದರ್‌ಬೋರ್ಡಿನ ಕೆಳ ಅಂಚಿನ ಹೆಡರಿಗೆ, ಅಂದರೆ ಪಿನ್ನುಗಳ ಸಾಲಿಗೆ, ಕೂರುತ್ತವೆ. ಬಹುತೇಕ ಬೋರ್ಡುಗಳಲ್ಲಿ ಪವರ್ ಗುಂಡಿಗೆ ಮೀಸಲಾದವು 6 ಮತ್ತು 8ನೆಯ ಪಿನ್ನುಗಳು. ಗುಂಡಿಯ ತಂತಿಗೆ ಧನ ಋಣ ಎಂಬ ಭೇದವಿಲ್ಲ, ತಿರುಗಿಸಿ ಹಾಕಿದರೂ ನಡೆಯುತ್ತದೆ. ಭೇದವಿರುವುದು ಎಲ್‌ಇಡಿ ದೀಪಗಳ ತಂತಿಗಳಿಗೆ ಮಾತ್ರ. ನಾನು ಆ ತಂತಿಯನ್ನೇ ಕಿತ್ತು, ಎರಡೂ ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಕೂಡಿಸಿದೆ. ಕಂಪ್ಯೂಟರ್ ಏಳಲಿಲ್ಲ. ಹಾಗಾಗಿ ಕ್ಯಾಬಿನೆಟ್ಟಿನ ಗುಂಡಿಯನ್ನು ಸಂಶಯದ ಪಟ್ಟಿಯಿಂದ ಬಿಟ್ಟೆ. ಕಂಪ್ಯೂಟರ್ ಆನ್ ಆಗಿ ಸುಮಾರು ನಾಲ್ಕು ಸೆಕೆಂಡಿಗೆ ಸರಿಯಾಗಿ ಆಫ್ ಆಗುವುದು ಬೇರೆಯೇ ವಿಚಾರ: ಗುಂಡಿ ಒಳಗೆ ಸಿಕ್ಕಿಹಾಕಿಕೊಂಡಿದ್ದರೆ, ಯಾರೋ ಅದನ್ನು ಒತ್ತಿಯೇ ಹಿಡಿದಿದ್ದಾರೆಂದು ಬೋರ್ಡು ಭಾವಿಸಿ ಹಾಗೆ ಮಾಡುತ್ತದೆ.

ಕೋಣೆಯ ದೀಪ ಆರಿಸಿ ನೋಡಿದಾಗ ಒಂದು ಸುಳಿವು ಸಿಕ್ಕಿತು. ನನ್ನ ಬೋರ್ಡಿನ ಮೇಲೆ ಸ್ಟ್ಯಾಂಡ್‌ಬೈ ವಿದ್ಯುತ್ತು ಇದ್ದಾಗ ಹೊತ್ತಿರಬೇಕಾದ ಒಂದು ಸಣ್ಣ ಎಲ್‌ಇಡಿ ಇದೆ. ಅದು ಪೂರ್ತಿ ಆರಿರಲಿಲ್ಲ, ಹೊತ್ತಿಯೂ ಇರಲಿಲ್ಲ. ತುಸು ತುಸು ಹೊತ್ತಿಗೊಮ್ಮೆ ಮಂಕಾಗಿ ಮಿನುಗಿ ಆರುತ್ತಿತ್ತು. ಎಸ್‌ಎಂಪಿಎಸ್‌ಗೆ ಕಿವಿಗೊಟ್ಟರೆ ಅದೇ ಲಯದಲ್ಲಿ ಟಿಕ್ ಎನ್ನುವ ಸಣ್ಣ ಸದ್ದು ಕೇಳುತ್ತಿತ್ತು. ಎಸ್‌ಎಂಪಿಎಸ್‌ಗಳಲ್ಲಿ ಇದಕ್ಕೆ ಒಂದು ಸ್ಪಷ್ಟ ಅರ್ಥವಿದೆ. ಹೊರಗೆ ಎಲ್ಲೋ ಮಿತಿಮೀರಿದ ಕರೆಂಟ್ ಹರಿಯುತ್ತಿದೆ ಎಂದು ಗೊತ್ತಾದಾಗ ಸ್ಟ್ಯಾಂಡ್‌ಬೈ ಸರ್ಕ್ಯೂಟು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ, ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸುತ್ತದೆ, ಶಾರ್ಟ್, ಅಂದರೆ ವಿದ್ಯುತ್ತು ನೇರವಾಗಿ ಗ್ರೌಂಡಿಗೆ ಹರಿದುಹೋಗುವ ದೋಷ, ಹಾಗೆಯೇ ಇದ್ದರೆ ಮತ್ತೆ ನಿಲ್ಲುತ್ತದೆ.

ಮೀಟರಿನಿಂದ ಅದನ್ನು ಖಚಿತಪಡಿಸಿಕೊಂಡೆ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಪ್ರೋಬನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಹಿಡಿದು, ಕೆಂಪು ಪ್ರೋಬಿನ ಮೊನೆಯನ್ನು ಕನೆಕ್ಟರಿನ ಹಿಂಬದಿಯಿಂದ, 9ನೆಯ ತಂತಿ ಒಳಹೋಗುವ ಸಂದಿಯಲ್ಲಿ ಇಳಿಸಿದೆ. ಪಕ್ಕದ 10ನೆಯ ಪಿನ್ನಿನದು 12 ವೋಲ್ಟಿನ ದಾರಿಯಾದ್ದರಿಂದ ಮೊನೆ ಜಾರಿ ಎರಡಕ್ಕೂ ಏಕಕಾಲದಲ್ಲಿ ತಾಗದಂತೆ ನೋಡಿಕೊಳ್ಳಬೇಕು. ಇರಬೇಕಾದದ್ದು 5 ವೋಲ್ಟ್. ಶೇಕಡಾ 5ರಷ್ಟು ಏರಿಳಿತಕ್ಕೆ ಅವಕಾಶವಿರುವುದರಿಂದ 4.75ರಿಂದ 5.25ರವರೆಗೆ ಎಷ್ಟಿದ್ದರೂ ಸರಿ. ನನ್ನ ಮೀಟರಿನಲ್ಲಿ ಅಂಕಿ ಒಂದು ವೋಲ್ಟನ್ನೂ ಮುಟ್ಟದೆ ಮೇಲೆದ್ದು ಕುಸಿಯುತ್ತಿತ್ತು.

ತಪ್ಪು ಎಸ್‌ಎಂಪಿಎಸ್‌ನದೋ ಅಥವಾ ಅದಕ್ಕೆ ಅಂಟಿಕೊಂಡಿರುವ ಬೇರೇನದೋ ಎಂಬುದು ಮುಂದಿನ ಪ್ರಶ್ನೆ. ವಿದ್ಯುತ್ತನ್ನು ಪೂರ್ತಿ ತೆಗೆದು, ಬೋರ್ಡು, ಗ್ರಾಫಿಕ್ಸ್ ಕಾರ್ಡು, ಡಿಸ್ಕುಗಳಿಗೆ ಹೋಗುವ ಎಲ್ಲ ಕೇಬಲ್ಲುಗಳನ್ನೂ ಬಿಡಿಸಿ, ಎಸ್‌ಎಂಪಿಎಸ್ ಒಂದನ್ನೇ ಮತ್ತೆ ಚಾಲೂ ಮಾಡಿ ಅಳೆದೆ. 9ನೆಯ ಪಿನ್ನಿನಲ್ಲಿ ಅಲುಗಾಡದ 5 ವೋಲ್ಟ್ ಸಿಕ್ಕಿತು. ಬಳಿಕ ಬಹಳ ಜನರಿಗೆ ಪರಿಚಿತವಾದ ತಂತಿಯ ಪರೀಕ್ಷೆಯನ್ನೂ ಮಾಡಿದೆ, ಅಂದರೆ 16ನೆಯ ಪಿನ್ನನ್ನು ಪಕ್ಕದ ಗ್ರೌಂಡಿಗೆ ಒಂದು ತುಂಡು ತಂತಿಯಿಂದ ಜೋಡಿಸಿ ಎಸ್‌ಎಂಪಿಎಸ್ ಅನ್ನು ಎಬ್ಬಿಸಿದೆ. 15 ಮತ್ತು 17 ಎರಡೂ ಗ್ರೌಂಡ್ ಆಗಿರುವುದರಿಂದ ಯಾವುದಕ್ಕೆ ಜೋಡಿಸಿದರೂ ನಡೆಯುತ್ತದೆ. ಹಿಂದೆಲ್ಲ 16ನೆಯ ತಂತಿ ಹಸಿರು, ಗ್ರೌಂಡ್ ಕಪ್ಪು, 12 ವೋಲ್ಟ್ ಹಳದಿ ಎಂದು ಬಣ್ಣದಿಂದಲೇ ಗುರುತಿಸಬಹುದಾಗಿತ್ತು. ಈಗಿನ ಅನೇಕ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದರಿಂದ ಕೈಪಿಡಿಯ ಚಿತ್ರ ನೋಡಿ ಎಣಿಸಿಯೇ ಜೋಡಿಸಬೇಕು. ತಂತಿಯನ್ನು ವಿದ್ಯುತ್ತು ಇಲ್ಲದಿರುವಾಗ ಸಿಕ್ಕಿಸಿ ಆಮೇಲೆ ಸ್ವಿಚ್ ಹಾಕುವುದು ಕ್ಷೇಮ.

ಈ ಪರೀಕ್ಷೆಯ ಮೇಲೆ ಅತಿಯಾದ ಭರವಸೆ ಇಡುವುದು ನನಗೆ ಸರಿಕಾಣುವುದಿಲ್ಲ. ಫ್ಯಾನ್ ತಿರುಗಿತು ಎಂದ ಮಾತ್ರಕ್ಕೆ ಎಸ್‌ಎಂಪಿಎಸ್ ಪೂರ್ತಿ ಹೊರೆ ಹೊರಬಲ್ಲದು ಎಂದಾಗುವುದಿಲ್ಲ, ತಿರುಗಲಿಲ್ಲವೆಂದ ಮಾತ್ರಕ್ಕೆ ಕೆಟ್ಟಿದೆ ಎಂದೂ ಆಗುವುದಿಲ್ಲ, ಏಕೆಂದರೆ ಹೊರೆ ಕಡಿಮೆಯಿದ್ದಾಗ ಫ್ಯಾನನ್ನು ನಿಲ್ಲಿಸಿಯೇ ಇಡುವ ಮಾದರಿಗಳು ಈಗ ಸಾಕಷ್ಟಿವೆ. ಫ್ಯಾನಿಗಿಂತ ಮೀಟರಿನ ಅಂಕಿಯನ್ನು ನಂಬುವುದು ಒಳ್ಳೆಯದು. ನನ್ನ ಎಸ್‌ಎಂಪಿಎಸ್‌ನಲ್ಲಿ 12, 5, 3.3 ಮೂರೂ ಮಿತಿಯೊಳಗಿದ್ದವು. ಇಷ್ಟಾದರೂ ಏರುಪೇರು ಕಂಡಿದ್ದರೆ ಅದನ್ನು ಬಿಚ್ಚುವ ಪ್ರಶ್ನೆಯೇ ಇರಲಿಲ್ಲ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದಾದ್ದರಿಂದ ಎಸ್‌ಎಂಪಿಎಸ್‌ನ ಮುಚ್ಚಳ ತೆಗೆಯುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಕೇಬಲ್ಲುಗಳನ್ನು ಬಿಡಿಸಿ ಹಾಕಬಹುದಾದ ಮಾಡ್ಯುಲರ್ ಮಾದರಿಯಾಗಿದ್ದರೆ, ಬೇರೆ ಎಸ್‌ಎಂಪಿಎಸ್‌ನ ಕೇಬಲ್ಲನ್ನು ಅದಕ್ಕೆ ಬಳಸಕೂಡದು ಎಂಬುದನ್ನೂ ನೆನಪಿಡಬೇಕು. ಬೋರ್ಡಿನ ಕಡೆಯ ತುದಿ ಎಲ್ಲೆಡೆ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಏಕರೂಪ ನಿಯಮವಿಲ್ಲ.

ಹೀಗೆ ಎಸ್‌ಎಂಪಿಎಸ್ ದೋಷಮುಕ್ತವಾಯಿತು. 24 ಪಿನ್ನಿನ ಕನೆಕ್ಟರನ್ನು ಬೋರ್ಡಿಗೆ ಮತ್ತೆ ಜೋಡಿಸಿದ ಕೂಡಲೇ ಮಿನುಗು ಮರಳಿತು. ಇಲ್ಲಿ ಎಲ್ಲವನ್ನೂ ಕಳಚಿ ಬೋರ್ಡನ್ನು ಹೊರಗಿಟ್ಟು ಪರೀಕ್ಷಿಸಬಹುದಿತ್ತು, ಹಾಗೆ ಮಾಡುವವರೇ ಹೆಚ್ಚು. ಆದರೆ ಶಾರ್ಟ್ ಇರುವುದು ಸ್ಟ್ಯಾಂಡ್‌ಬೈ ದಾರಿಯಲ್ಲಿ ಎಂದು ಗೊತ್ತಾಗಿದ್ದರಿಂದ, ಆಫ್ ಆಗಿರುವಾಗಲೂ ಬೋರ್ಡು ಯಾವುದಕ್ಕೆಲ್ಲ ವಿದ್ಯುತ್ತು ಕೊಡುತ್ತಿರುತ್ತದೆ ಎಂದು ಯೋಚಿಸಿದರೆ ಸಾಕಿತ್ತು. ಕಂಪ್ಯೂಟರ್ ಆಫ್ ಇದ್ದರೂ ಮೊಬೈಲ್ ಚಾರ್ಜ್ ಮಾಡಬಲ್ಲ, ಕೀಬೋರ್ಡಿನ ದೀಪ ಹೊತ್ತಿಸಬಲ್ಲ ಯುಎಸ್‌ಬಿ ಕಿಂಡಿಗಳು ಆ ಪಟ್ಟಿಯಲ್ಲಿ ಮೊದಲು ಬರುತ್ತವೆ. ಹಿಂಬದಿಯ ಕಿಂಡಿಗಳಲ್ಲಿ ಏನೂ ಸಿಕ್ಕಿಸಿರಲಿಲ್ಲ. ಕ್ಯಾಬಿನೆಟ್ಟಿನ ಮುಂಬದಿಯ ಕಿಂಡಿಗಳ ದಪ್ಪ ಕೇಬಲ್ ಮಾತ್ರ ಬೋರ್ಡಿನ 19 ಪಿನ್ನಿನ ಹೆಡರಿಗೆ ಕೂತಿತ್ತು. ಪ್ಲಗ್ ತೆಗೆದು, ಉಳಿದ ವಿದ್ಯುತ್ತು ಹರಿದುಹೋಗಲೆಂದು ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಆ ಕೇಬಲ್ಲನ್ನು ನೇರವಾಗಿ ಮೇಲಕ್ಕೆ ಎಳೆದು ತೆಗೆದೆ. ಈ ಹೆಡರಿನ ಪಿನ್ನುಗಳು ಸುಲಭವಾಗಿ ಬಾಗುವುದರಿಂದ ಅಲುಗಿಸಿ ಕೀಳಬಾರದು. ಮತ್ತೆ ಸ್ವಿಚ್ ಹಾಕಿದಾಗ ಬೋರ್ಡಿನ ಎಲ್‌ಇಡಿ ಸ್ಥಿರವಾಗಿ ಹೊತ್ತಿಕೊಂಡಿತು, 9ನೆಯ ಪಿನ್ನಿನಲ್ಲಿ 5 ವೋಲ್ಟ್ ಬಂದಿತು.

ಮುಂಬದಿಯ ಕಿಂಡಿಗಳೊಳಗೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಕಿಂಡಿಯಲ್ಲಿ 5 ವೋಲ್ಟಿನ ಸಂಪರ್ಕಪಟ್ಟಿ ತಯಾರಿಕೆಯಲ್ಲೇ ಸೊಟ್ಟಗಾಗಿ, ಗ್ರೌಂಡಿಗೆ ಸೇರಿದ ಹೊರಕವಚಕ್ಕೆ ತಾಗಿಕೊಂಡಿತ್ತು. ಬೋರ್ಡಿನ ಯುಎಸ್‌ಬಿ ಹೆಡರಿಗೆ ರಕ್ಷಣೆಗೆಂದೇ ಫ್ಯೂಸ್ ಇರುತ್ತದಲ್ಲ, ಅದೇಕೆ ಕೆಲಸ ಮಾಡಲಿಲ್ಲ ಎಂದು ಕೇಳಬಹುದು. ಅಲ್ಲಿ ಸಾಮಾನ್ಯವಾಗಿ ಇರುವುದು ಬಿಸಿಯಾದಾಗ ರೋಧ ಹೆಚ್ಚಿಸಿಕೊಂಡು ಕರೆಂಟನ್ನು ತಡೆಯುವ, ತಣಿದ ಮೇಲೆ ತಾನಾಗಿಯೇ ಸರಿಹೋಗುವ ಬಗೆಯ ಫ್ಯೂಸು. ಅದು ಬಿಸಿಯಾಗಲು ಸಮಯ ಬೇಕು. ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟು ಅದಕ್ಕಿಂತ ಎಷ್ಟೋ ಬೇಗ ವಿದ್ಯುತ್ತನ್ನು ಕಡಿದುಹಾಕುವುದರಿಂದ ಫ್ಯೂಸು ಬಿಸಿಯಾಗುವ ಮೊದಲೇ ಎಲ್ಲವೂ ನಿಂತುಹೋಗಿ, ಇಡೀ ಕಂಪ್ಯೂಟರೇ ಸತ್ತಂತೆ ಕಾಣುತ್ತದೆ.

ಸ್ಟ್ಯಾಂಡ್‌ಬೈ ಸರಿಯಿದ್ದು, ಗುಂಡಿ ಒತ್ತಿದಾಗ ಫ್ಯಾನ್ ಮಿಸುಕಿ ನಿಂತಿದ್ದರೆ ನಾನು ಬೇರೆ ಕಡೆ ನೋಡುತ್ತಿದ್ದೆ. ಆಗ ಶಾರ್ಟ್ ಇರುವುದು ಹೆಚ್ಚಾಗಿ ಮುಖ್ಯ ವೋಲ್ಟುಗಳ ದಾರಿಯಲ್ಲಿ. ಅನೇಕ ಎಸ್‌ಎಂಪಿಎಸ್‌ಗಳು ಒಮ್ಮೆ ಹೀಗೆ ನಿಂತರೆ ಪ್ಲಗ್ ತೆಗೆದು ಹಾಕುವವರೆಗೆ ಗುಂಡಿಗೆ ಓಗೊಡುವುದಿಲ್ಲ ಎಂಬುದನ್ನು ತಿಳಿದಿರಬೇಕು, ಇಲ್ಲವಾದರೆ ಎರಡನೆಯ ಬಗೆಯ ದೋಷ ಮೊದಲನೆಯದರಂತೆ ತೋರಿ ದಾರಿ ತಪ್ಪಿಸುತ್ತದೆ. ಪ್ರೊಸೆಸರಿನ ಪಕ್ಕದ 8 ಪಿನ್ನಿನ ಕೇಬಲ್ಲನ್ನು ಬಿಡಿಸಿದಾಗ ಫ್ಯಾನ್ ನಿಲ್ಲದೆ ತಿರುಗತೊಡಗಿದರೆ, ಪ್ರೊಸೆಸರಿಗೆ ವಿದ್ಯುತ್ತು ಒದಗಿಸುವ ಭಾಗದಲ್ಲಿ ದೋಷವಿರುವ ಸಂಭವ ಹೆಚ್ಚು. ಬಿಡಿಸಿದರೂ ನಿಲ್ಲುತ್ತಿದ್ದರೆ ಬೋರ್ಡನ್ನು ಹೊರತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್ ಮತ್ತು ಒಂದೇ ರ‍್ಯಾಮ್ ಪಟ್ಟಿಯೊಂದಿಗೆ ಎಬ್ಬಿಸಿ ನೋಡುವುದು ಸರಿಯಾದ ಕ್ರಮ. ಬೋರ್ಡು ಸುತ್ತಿ ಬಂದ ಹೊಳೆಯುವ ಚೀಲದ ಮೇಲೆ ಮಾತ್ರ ಇಡಬಾರದು, ಅದರ ಹೊರಮೈಯಲ್ಲಿ ವಿದ್ಯುತ್ತು ಹರಿಯಬಲ್ಲದು. ಹೊರಗೆ ಎದ್ದು ಕ್ಯಾಬಿನೆಟ್ಟಿನೊಳಗೆ ಏಳದಿದ್ದರೆ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು ನೋಡಬೇಕು. ಬೋರ್ಡಿನಲ್ಲಿ ರಂಧ್ರವಿಲ್ಲದ ಜಾಗದಲ್ಲಿ ಒಂದು ಹೆಚ್ಚಿಗೆ ಉಳಿದಿದ್ದರೂ ಅದು ಅಡಿಯ ಬೆಸುಗೆಗಳಿಗೆ ತಾಗುತ್ತದೆ.

ಕೇಬಲ್ ತೆಗೆದ ಮೇಲೆ ನನ್ನ ಕಂಪ್ಯೂಟರ್ ಎದ್ದಿತು, ಆದರೆ ಪರದೆ ಕಪ್ಪಾಗಿಯೇ ಇತ್ತು, ಬೋರ್ಡಿನ ಮೇಲೆ ರ‍್ಯಾಮ್ ಎಂದು ಗುರುತಿಸಿದ ದೀಪ ಹೊತ್ತಿಕೊಂಡಿತ್ತು. ಇದನ್ನು ಇನ್ನೊಂದು ದೋಷವೆಂದು ನಾನು ಎಣಿಸಲಿಲ್ಲ. ಡಿಡಿಆರ್5 ಎಂಬ ಈಚಿನ ಪೀಳಿಗೆಯ ರ‍್ಯಾಮ್ ಇರುವ ಬೋರ್ಡು ಮೊದಲ ಸಲ ಏಳುವಾಗ ರ‍್ಯಾಮಿನೊಂದಿಗೆ ಹೊಂದಾಣಿಕೆ ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು, ನಡುವೆ ತಾನಾಗಿಯೇ ಒಮ್ಮೆ ಆಫ್ ಆಗಿ ಆನ್ ಆಗಲೂಬಹುದು. ತಾಳ್ಮೆಗೆಟ್ಟು ವಿದ್ಯುತ್ತು ತೆಗೆದರೆ ಆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಹಾಗೆಯೇ ಬಿಟ್ಟು ಕಾದಾಗ ಪರದೆ ಬೆಳಗಿತು.

ಸೊಟ್ಟಗಾದ ಪಟ್ಟಿಯನ್ನು ಸೂಜಿಯಿಂದ ನೇರ ಮಾಡಬಹುದಿತ್ತೇನೋ, ಆದರೆ ದಿನವೂ ಪೆನ್‌ಡ್ರೈವ್ ತುರುಕಿ ತೆಗೆಯುವ ಕಿಂಡಿಯಲ್ಲಿ ಅದು ಮತ್ತೆ ಬಾಗುವ ಸಾಧ್ಯತೆ ಇದ್ದುದರಿಂದ, ಕ್ಯಾಬಿನೆಟ್ ಮಾರಿದವರಿಂದ ಮುಂಬದಿಯ ಭಾಗವನ್ನೇ ಬದಲಿಸಿಕೊಂಡೆ. ಹೊಸದನ್ನು ಬೋರ್ಡಿಗೆ ಸಿಕ್ಕಿಸುವ ಮೊದಲು ಮೀಟರನ್ನು ಬೀಪ್ ಮಾಡುವ ಸ್ಥಾನಕ್ಕೆ ತಿರುಗಿಸಿ, ಅದರ ಕೇಬಲ್ಲಿನ ತುದಿಯಲ್ಲಿ 5 ವೋಲ್ಟಿನ 1 ಮತ್ತು 19ನೆಯ ಪಿನ್ನುಗಳನ್ನು ಗ್ರೌಂಡಿನ 4, 7, 13 ಮತ್ತು 16ನೆಯ ಪಿನ್ನುಗಳೊಂದಿಗೆ ತಾಳೆ ನೋಡಿದೆ. ಎಲ್ಲಿಯೂ ಬೀಪ್ ಬರಲಿಲ್ಲ. ಜೋಡಿಸಿ, ಗುಂಡಿ ಒತ್ತುವ ಮೊದಲೇ 9ನೆಯ ಪಿನ್ನನ್ನು ಇನ್ನೊಮ್ಮೆ ಅಳೆದು 5 ವೋಲ್ಟ್ ಇರುವುದನ್ನು ಕಂಡುಕೊಂಡು, ಆಮೇಲೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಮುಚ್ಚಿದೆ.